ಸಂಶೋಧನೆಗೆಂದು ತರಗತಿಯಲ್ಲಿ ಹಾಳೆ ಹಂಚಿದರೆ, ಸಹಿ ಹಾಕುವ ಮೊದಲು

ಹಾಸನದಲ್ಲಿ ಪದವಿ ಓದುತ್ತಿರುವ ವಿದ್ಯಾರ್ಥಿಗಳೂ ಅವರ ಮನೆಯವರೂ ತಿಳಿದಿರಲೆಂದು ಇದನ್ನು ಬರೆಯುತ್ತಿದ್ದೇನೆ. ಕಾಲೇಜಿನ ಹೆಸರನ್ನಾಗಲಿ ಅಧ್ಯಾಪಕರ ಹೆಸರನ್ನಾಗಲಿ ಹೇಳುವುದಿಲ್ಲ.

ನನ್ನ ತಂಗಿ ಬೇಲೂರು ಕಡೆಯ ನಮ್ಮ ಹಳ್ಳಿಯಿಂದ ಹೋಗಿ ಹಾಸನದ ಹಾಸ್ಟೆಲಿನಲ್ಲಿದ್ದು ಬಿ.ಎ. ಓದುತ್ತಿದ್ದಾಳೆ. ಮನಃಶಾಸ್ತ್ರದ ಅಧ್ಯಾಪಕರೊಬ್ಬರು ತಮ್ಮ ಪಿಎಚ್.ಡಿ. ಅಧ್ಯಯನಕ್ಕೆಂದು ಇಡೀ ತರಗತಿಗೆ ಒಂದು ಬುದ್ಧಿಶಕ್ತಿ ಪರೀಕ್ಷೆ ಕೊಟ್ಟರು. ಬರೆಯದವರ ಇಂಟರ್ನಲ್ ಅಂಕಗಳ ವಿಷಯ ಆಮೇಲೆ ನೋಡೋಣ ಎಂದೂ ಹೇಳಿದರು. ಇಂಗ್ಲಿಷಿನಲ್ಲಿದ್ದ ಸಮ್ಮತಿ ಪತ್ರಕ್ಕೆ ಎಲ್ಲರಿಂದ ಸಹಿ ಪಡೆದರು. ಓದಲು ಸಮಯ ಕೊಡಲಿಲ್ಲ, ಪ್ರತಿಯನ್ನೂ ಕೊಡಲಿಲ್ಲ. ಪರೀಕ್ಷೆ ಮುಗಿದ ಮೇಲೆ ಒಬ್ಬೊಬ್ಬರಿಗೂ ಒಂದೊಂದು ಚೀಟಿ ಬಂತು. ಕೆಲವರದರಲ್ಲಿ ಒಳ್ಳೆಯ ಅಂಕಗಳಿದ್ದವು. ನನ್ನ ತಂಗಿಯದರಲ್ಲಿ ಅವಳ ಸಾಮರ್ಥ್ಯ ಸರಾಸರಿಗಿಂತ ಬಹಳ ಕೆಳಗಿದೆ ಎಂದಿತ್ತು.

ಆ ಅಂಕಗಳೆಲ್ಲ ಸುಳ್ಳು. ಸೋತೆನೆಂದು ನಂಬಿದವರ ಮನಸ್ಸು ಎಷ್ಟು ಕುಗ್ಗುತ್ತದೆಂದು ಅಳೆಯುವುದೇ ಅಧ್ಯಯನದ ಉದ್ದೇಶವಾಗಿದ್ದುದರಿಂದ ಚೀಟಿಗಳನ್ನು ಪರೀಕ್ಷೆಗೆ ಮೊದಲೇ ಬರೆದಿಟ್ಟಿದ್ದರು. ಈ ಸತ್ಯವನ್ನು ಮಕ್ಕಳಿಗೆ ಯಾರೂ ಹೇಳಲಿಲ್ಲ. ರಜೆಗೆ ಊರಿಗೆ ಬಂದವಳು ಸರಿಯಾಗಿ ಊಟ ಮಾಡದೆ, ಓದು ತನ್ನಿಂದಾಗದು, ಮನೆಯಲ್ಲೇ ಇದ್ದುಬಿಡುತ್ತೇನೆ ಎಂದು ಅಮ್ಮನ ಬಳಿ ಅತ್ತಳು. ಮುಂದೆ ಕಾಲೇಜಿನ ಸೆಮಿನಾರೊಂದರಲ್ಲಿ ಅದೇ ಅಧ್ಯಾಪಕರು ಫಲಿತಾಂಶವನ್ನು ಮಂಡಿಸಿದಾಗ, ಪರದೆಯ ಮೇಲೆ ತಮ್ಮ ರಿಜಿಸ್ಟರ್ ಸಂಖ್ಯೆಗಳನ್ನೇ ಕಂಡು ಹುಡುಗಿಯರಿಗೆ ವಿಷಯ ಗೊತ್ತಾಯಿತು.

ನಾನು ಹೋಗಿ ಕೇಳಿದಾಗ, ‘ಅದು ಸುಳ್ಳೆಂದು ಈಗ ತಿಳಿಯಿತಲ್ಲ, ಇನ್ನೇನು?’ ಎಂಬ ಉತ್ತರ ಬಂತು. ಮನಃಶಾಸ್ತ್ರ ಓದಿದವರ ಬಾಯಲ್ಲಿ ಈ ಮಾತು ಬಂದದ್ದೇ ನನ್ನನ್ನು ಹೆಚ್ಚು ನೋಯಿಸಿತು. ಅಮೆರಿಕದ ಮನಃಶಾಸ್ತ್ರಜ್ಞ ಲೀ ರಾಸ್ ಮತ್ತು ಸಂಗಡಿಗರು 1975ರಲ್ಲಿ ಪ್ರಕಟಿಸಿದ ಅಧ್ಯಯನ ಇದೇ ಪ್ರಶ್ನೆಯನ್ನು ಪರೀಕ್ಷಿಸಿತ್ತು: ಅಂಕಗಳು ಮೊದಲೇ ನಿಶ್ಚಯವಾಗಿದ್ದವೆಂದು ಸ್ಪಷ್ಟವಾಗಿ ಹೇಳಿದ ಮೇಲೂ, ಸೋತವರೆಂದು ಹೇಳಿಸಿಕೊಂಡವರು ತಮ್ಮ ಸಾಮರ್ಥ್ಯವನ್ನು ಕಡಿಮೆಯೆಂದೇ ಅಂದಾಜಿಸುತ್ತಿದ್ದರು. ಇಂಥ ನಂಬಿಕೆ ಸುಳ್ಳು ಬಯಲಾದ ಮೇಲೂ ಹೇಗೆ ಉಳಿದುಬಿಡುತ್ತದೆ ಎಂಬುದನ್ನೂ ಬಿಡಿಸಿ ವಿವರಿಸಿದಾಗಲಷ್ಟೇ ಅದು ಗಣನೀಯವಾಗಿ ಸಡಿಲವಾಯಿತು. ನನ್ನ ತಂಗಿಗೆ ಆ ವಿವರಣೆ ಇಂದಿಗೂ ಸಿಕ್ಕಿಲ್ಲ. ತರಗತಿಯಲ್ಲಿ ಉತ್ತರ ಗೊತ್ತಿದ್ದರೂ ಕೈ ಎತ್ತಲು ಅಳುಕುತ್ತಾಳೆ.

ಸಂಶೋಧನೆ ಬೇಡವೆಂದು ನಾನು ಹೇಳುತ್ತಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಆರೋಗ್ಯಕ್ಕೆ ಸಂಬಂಧಿಸಿದ ಸಾಮಾಜಿಕ ಮತ್ತು ವರ್ತನಾ ಅಧ್ಯಯನಗಳನ್ನೂ ಒಳಗೊಂಡಿದೆ. ನಿಜವಾದ ಉದ್ದೇಶವನ್ನು ಮರೆಮಾಚಬೇಕಾದ ಅಧ್ಯಯನಗಳನ್ನು ಅದು ಸಾರಾಸಗಟಾಗಿ ನಿಷೇಧಿಸುವುದಿಲ್ಲ. ಆದರೆ ಅದಕ್ಕೆ ನೈತಿಕ ಸಮಿತಿಯ, ಅಂದರೆ ಭಾಗವಹಿಸುವವರಿಗೆ ಅನ್ಯಾಯವಾಗದಂತೆ ಸಂಶೋಧನೆಯನ್ನು ಮೊದಲೇ ಪರಿಶೀಲಿಸುವ ಸಮಿತಿಯ, ಪರಿಶೀಲನೆ ಬೇಕು, ಮುಗಿದ ಮೇಲೆ ಭಾಗವಹಿಸಿದವರಿಗೆ ಸತ್ಯವನ್ನು ತಿಳಿಸಬೇಕು. ಅಂಕ ಹಾಕುವವರೇ ಸಮ್ಮತಿ ಕೇಳಿದರೆ ವಿದ್ಯಾರ್ಥಿ ಇಲ್ಲವೆನ್ನುವುದು ಕಷ್ಟವಾದ್ದರಿಂದ, ಅಂಥ ವಿದ್ಯಾರ್ಥಿಗಳಿಗೆ ಹೆಚ್ಚಿನ ರಕ್ಷಣೆ ಇರಬೇಕೆನ್ನುತ್ತದೆ.

ಆದ್ದರಿಂದ ಹಾಳೆ ಕೈಗೆ ಬಂದಾಗ ಕನ್ನಡದಲ್ಲಿ ಮಾಹಿತಿ ಕೇಳಿ, ನೈತಿಕ ಸಮಿತಿಯ ಒಪ್ಪಿಗೆ ಇದೆಯೇ ಎಂದು ವಿಚಾರಿಸಿ, ಸಂಶೋಧಕರ ಮತ್ತು ಸಮಿತಿಯ ಫೋನ್ ಸಂಖ್ಯೆ ಅದರಲ್ಲಿದೆಯೇ ನೋಡಿ, ನಿಮ್ಮ ಪ್ರತಿಯನ್ನು ಇಟ್ಟುಕೊಳ್ಳಿ. ನಡುವೆ ಯಾವಾಗ ಬೇಕಾದರೂ ಕಾರಣ ಹೇಳದೆ ಹೊರಬರಬಹುದು. ಅದಕ್ಕಾಗಿ ಅಂಕ ಕಡಿಯುವಂತಿಲ್ಲ. ಹೆಸರು ಅಥವಾ ರಿಜಿಸ್ಟರ್ ಸಂಖ್ಯೆ ಏಕೆ ಬೇಕೆಂದು ಕೇಳುವುದು ಉದ್ಧಟತನವಲ್ಲ. ಈಗಾಗಲೇ ಮನಸ್ಸಿಗೆ ಪೆಟ್ಟಾಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ, ಶುಲ್ಕವಿಲ್ಲದೆ ಮಾತನಾಡಬಹುದು. ತಂಗಿಗೆ ಅದರಿಂದ ಸ್ವಲ್ಪ ನೆರವಾಯಿತು.

ಸಮಿತಿಯ ಒಪ್ಪಿಗೆ ಪತ್ರದ ಪ್ರತಿಯನ್ನು ಕೊಡಬೇಕೆಂದೂ, ಅವಳ ಉತ್ತರಗಳನ್ನು ಅಧ್ಯಯನದಿಂದ ತೆಗೆಯಬೇಕೆಂದೂ, ಎಲ್ಲ ವಿದ್ಯಾರ್ಥಿನಿಯರನ್ನು ಕರೆದು ನಡೆದದ್ದನ್ನು ವಿವರಿಸಬೇಕೆಂದೂ ಪ್ರಾಂಶುಪಾಲರಿಗೆ ಬರೆದುಕೊಟ್ಟಿದ್ದೇವೆ. ಪತ್ರ ತಲುಪಿದ್ದಕ್ಕೆ ಸಹಿ ಹಾಕಿ ಕೊಟ್ಟಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.