ಗೂಗಲ್ ಶೀಟ್ಸ್‌ನಿಂದ ಲ್ಯಾಪ್‌ಟಾಪಿಗೆ ಲೆಕ್ಕ ತರಲು ಎಕ್ಸ್‌ಎಲ್‌ಎಸ್‌ಎಕ್ಸ್ ಮೇಲೋ, ಸಿಎಸ್‌ವಿ ಮೇಲೋ?

ಸುತ್ತಿ ಬಳಸಿ ಹೇಳುವುದಿಲ್ಲ, ನಾನು ಸಿಎಸ್‌ವಿ ಪಕ್ಷದವನು. ಎಕ್ಸ್‌ಎಲ್‌ಎಸ್‌ಎಕ್ಸ್, ಅಂದರೆ ಎಕ್ಸೆಲ್‌ನ ಫೈಲು, ನೋಡಲು ಚೆಂದ. ಬಣ್ಣ, ಚಾರ್ಟು, ಫಾರ್ಮುಲಾ ಎಲ್ಲವನ್ನೂ ಹೊತ್ತು ತರುತ್ತದೆ. ಆದರೂ ತಿಂಗಳ ಕೊನೆಗೆ ಲೆಕ್ಕ ಮುಗಿಸಲು ಕೂತರೆ ನನ್ನ ಕೈ ಹೋಗುವುದು ಸಿಎಸ್‌ವಿ ಎಂಬ, ನಡುನಡುವೆ ಅಲ್ಪವಿರಾಮ ಹಾಕಿದ ಬರೀ ಪಠ್ಯದ ಆ ಬೋಳು ಫೈಲಿಗೇ.

ನನ್ನ ಬಳಕೆ ಇಷ್ಟು: ನಾಲ್ಕೈದು ಮಂದಿ ತಮ್ಮ ತಮ್ಮ ಮೊಬೈಲಿನಿಂದ ಗೂಗಲ್ ಶೀಟ್ಸ್‌ನಲ್ಲಿ ಖರ್ಚು ಬರೆಯುತ್ತಾರೆ. ಅದನ್ನು ಇಳಿಸಿಕೊಂಡು, ತಾಳೆ ನೋಡಿ, ವರದಿ ಮಾಡುವುದು ನನ್ನ ಲ್ಯಾಪ್‌ಟಾಪಿನಲ್ಲಿ. ಅಲ್ಲಿ ಮೊದಲು ಎಕ್ಸೆಲ್ ಇತ್ತು. ಚಂದಾ ಮುಗಿದ ಮೇಲೆ ಮತ್ತೆ ಕಟ್ಟಲಿಲ್ಲ, ಈಗ ಉಚಿತವಾಗಿ ಸಿಗುವ ಲಿಬ್ರೆಆಫೀಸ್ ಕ್ಯಾಲ್ಕ್. ಎರಡರಲ್ಲೂ ಎರಡೂ ಬಗೆಯ ಫೈಲು ತೆರೆದು ಕೆಲಸ ಮಾಡಿದ್ದೇನೆ.

ಮೊದಲು ಎಕ್ಸ್‌ಎಲ್‌ಎಸ್‌ಎಕ್ಸ್ ಮೇಲಿನ ನನ್ನ ತಕರಾರು. ನಾನು ಪಕ್ಷ ಬದಲಿಸಿದ್ದೇ ಇದರಿಂದ, ಹಾಗಾಗಿ ಸ್ವಲ್ಪ ಉದ್ದವಾಗುತ್ತದೆ.

ಗೂಗಲ್ ಶೀಟ್ಸ್‌ನಲ್ಲಿ ಕ್ವೆರಿ (ಬೇಕಾದ ಸಾಲು ಆರಿಸಿ ಲೆಕ್ಕ ಕೊಡುವುದು), ಇಂಪೋರ್ಟ್‌ರೇಂಜ್‌ನಂಥ (ಬೇರೆ ಫೈಲಿನಿಂದ ಅಂಕಿ ತರುವುದು) ಕೆಲವು ಫಂಕ್ಷನ್‌ಗಳಿವೆ. ಎಕ್ಸೆಲ್‌ಗೆ ಅವು ಗೊತ್ತಿಲ್ಲ. ಹಾಗಾದರೆ ಡೌನ್‌ಲೋಡ್ ಮಾಡಿದ ಫೈಲಿನಲ್ಲಿ ಆ ಸೆಲ್‌ಗಳ ಗತಿ ಏನು? ದೊಡ್ಡದಾಗಿ ಎರರ್ ಕಾಣಿಸುತ್ತದೆ ಎಂದುಕೊಳ್ಳುತ್ತೇವೆ. ಕಾಣಿಸುವುದಿಲ್ಲ. ಮೂಲ ಫಾರ್ಮುಲಾವನ್ನು ಬರೀ ಪಠ್ಯವಾಗಿ ಮಾಡಿ ಡಮ್ಮಿಫಂಕ್ಷನ್ ಎಂಬ ಹುಸಿ ಫಂಕ್ಷನ್‌ನೊಳಗೆ ಇಟ್ಟಿರುತ್ತದೆ, ಅದರ ಮೇಲೊಂದು ಇಫ್‌ಎರರ್, ಅಂದರೆ ಎರರ್ ಬಂದರೆ ಬದಲಿ ಉತ್ತರ ಕೊಡುವ ಫಂಕ್ಷನ್, ಹೊದಿಸಿರುತ್ತದೆ. ಇಫ್‌ಎರರ್‌ನ ಎರಡನೇ ಭಾಗದಲ್ಲಿ ಡೌನ್‌ಲೋಡ್ ಮಾಡಿದ ಹೊತ್ತಿಗೆ ಇದ್ದ ಉತ್ತರ ಇರುತ್ತದೆ. ಎಕ್ಸೆಲ್ ಲೆಕ್ಕ ಹಾಕಲು ಹೋಗುತ್ತದೆ, ಹುಸಿ ಫಂಕ್ಷನ್ ಸೋಲುತ್ತದೆ, ಇಫ್‌ಎರರ್ ಆ ಸೋಲನ್ನು ಮುಚ್ಚಿಟ್ಟು ಹಳೆಯ ಉತ್ತರವನ್ನು ಮುಂದಿಡುತ್ತದೆ. ಬೂದಿ ಮುಚ್ಚಿದ ಕೆಂಡ ಅಂದರೆ ಇದೇ.

ತೆರೆದ ಕೂಡಲೇ ಎಲ್ಲ ಅಂಕಿಯೂ ಸರಿಯಾಗಿಯೇ ಕಾಣುತ್ತದೆ. ಸರಿಯಾಗಿಯೇ ಇರುತ್ತದೆ ಕೂಡ, ನೀವು ಏನನ್ನೂ ತಿದ್ದದೆ ಇರುವವರೆಗೆ. ಒಂದು ಬಿಲ್ಲಿನ ಮೊತ್ತ ತಿದ್ದಿ, ಕೆಳಗೆ ಎರಡು ಸಾಲು ಸೇರಿಸಿ, ಕ್ವೆರಿಯಿಂದ ಬಂದ ಮೊತ್ತ ಅಲ್ಲಾಡುವುದಿಲ್ಲ. ಅದರ ಪಕ್ಕದಲ್ಲೇ ಸಾದಾ ಸಮ್ ಫಾರ್ಮುಲಾದಿಂದ ಬಂದ ಮೊತ್ತ ಮಾತ್ರ ಠಕ್ಕನೆ ಬದಲಾಗುತ್ತದೆ. ಅಂದರೆ ಒಂದೇ ಹಾಳೆಯಲ್ಲಿ ಅರ್ಧ ಲೆಕ್ಕ ಇವತ್ತಿನದು, ಅರ್ಧ ಡೌನ್‌ಲೋಡ್ ದಿನದ್ದು. ಯಾವುದು ಯಾವುದೆಂದು ಹೇಳುವ ಕೆಂಪು ಗುರುತು ಎಲ್ಲೂ ಇಲ್ಲ. ಪೂರ್ತಿ ಕೆಟ್ಟ ಫೈಲನ್ನು ಯಾರಾದರೂ ಹಿಡಿಯುತ್ತಾರೆ, ಅರ್ಧ ಕೆಟ್ಟದ್ದು ವರದಿಯೊಳಗೆ ಹೋಗಿ ಕೂರುತ್ತದೆ.

ಪತ್ತೆ ಹಚ್ಚುವ ದಾರಿ ಉಂಟು. ಹುಡುಕುವ ಪೆಟ್ಟಿಗೆ ತೆರೆದು, ಹುಡುಕಾಟ ಫಾರ್ಮುಲಾಗಳಲ್ಲಿ ಆಗಲಿ ಎಂದು ಆರಿಸಿ, ಡಮ್ಮಿಫಂಕ್ಷನ್ ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ (DUMMYFUNCTION) ಹೊಡೆಯಿರಿ. ಎಷ್ಟು ಸೆಲ್ ಸಿಕ್ಕವೋ ಅಷ್ಟೂ ಹೆಪ್ಪುಗಟ್ಟಿದ ಉತ್ತರಗಳು. ಕ್ವೆರಿ ಇದ್ದ ಜಾಗದಲ್ಲಿ ಮೊದಲೇ ಷರತ್ತಿಗೆ ಹೊಂದುವ ಮೊತ್ತಗಳನ್ನು ಕೂಡಿಸುವ ಸಮ್‌ಇಫ್ಸ್ ಬಳಸಿದ್ದರೆ ಈ ರಗಳೆಯೇ ಇಲ್ಲ, ಅದು ಶೀಟ್ಸ್, ಎಕ್ಸೆಲ್, ಕ್ಯಾಲ್ಕ್ ಮೂರೂ ಕಡೆ ಓಡುತ್ತದೆ. ಆದರೆ ಹಾಳೆಯ ಫಾರ್ಮುಲಾ ಬರೆದವರು ಬೇರೆ, ಇಳಿಸಿಕೊಳ್ಳುವವರು ಬೇರೆ ಆದಾಗ ಯಾರಿಗೆ ಹೇಳೋಣ?

ಒಂದು ಬೆಲೆಯನ್ನು ಪಟ್ಟಿಯಲ್ಲಿ ಹುಡುಕಿ ತರುವ ಎಕ್ಸ್‌ಲುಕಪ್‌ನದ್ದು ಬೇರೆ ಕಥೆ. ಅದು ಈಗಿನ ಎಕ್ಸೆಲ್‌ನಲ್ಲಿದೆ, ಲಿಬ್ರೆಆಫೀಸ್‌ಗೆ 2024ರಲ್ಲಿ ಬಂದ 24.8 ಆವೃತ್ತಿಯಲ್ಲಿ ಸೇರಿತು. ಹಳೆಯ ಆವೃತ್ತಿಯಲ್ಲಿ ಹೊಸದಾಗಿ ಲೆಕ್ಕ ಹಾಕಿಸಿದರೆ ಎರರ್ ಬಂದು ನಿಲ್ಲುತ್ತದೆ. ಕೂಗುವ ತಪ್ಪಿನ ಬಗ್ಗೆ ನನಗೆ ಸಿಟ್ಟಿಲ್ಲ.

ಸ್ಕ್ರಿಪ್ಟು, ಮ್ಯಾಕ್ರೋ: ಯಾವ ದಾರಿಯಲ್ಲೂ ದಾಟುವುದಿಲ್ಲ. ಶೀಟ್ಸ್‌ನ ಆಪ್ಸ್ ಸ್ಕ್ರಿಪ್ಟ್ ಬೇರೆ, ಎಕ್ಸೆಲ್‌ನ ವಿಬಿಎ ಬೇರೆ.

ಇನ್ನು ಸಿಎಸ್‌ವಿ. ಇದು ಒಂದು ಸಲಕ್ಕೆ ಒಂದೇ ಟ್ಯಾಬನ್ನು ತರುತ್ತದೆ. ಫಾರ್ಮುಲಾ ಇಲ್ಲ, ಬಣ್ಣ ಇಲ್ಲ, ಕಾಲಂ ಅಗಲ ಇಲ್ಲ. ಇಲ್ಲ ಅನ್ನುವುದು ಮೊದಲ ನೋಟಕ್ಕೇ ಗೊತ್ತಾಗುತ್ತದೆ, ನನಗೆ ಬೇಕಿರುವುದೂ ಅದೇ. ಲೆಕ್ಕದ ಫಾರ್ಮುಲಾಗಳೆಲ್ಲ ನನ್ನ ಕ್ಯಾಲ್ಕ್ ಫೈಲಿನಲ್ಲೇ ಕೂತಿವೆ. ಮೇಲಿಂದ ಬರುವುದು ಬರೀ ದಿನಾಂಕ, ಹೆಸರು, ಮೊತ್ತ.

ಅದಕ್ಕೂ ಹಲ್ಲುಗಳಿವೆ. ಎಕ್ಸೆಲ್ ಇದ್ದ ಕಾಲದಲ್ಲಿ ಸಿಎಸ್‌ವಿ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಕನ್ನಡವೆಲ್ಲ ತಲೆಯ ಮೇಲೆ ಗೀಟಿರುವ ಇಂಗ್ಲಿಷ್ 'ಎ'ಗಳ ಮೆರವಣಿಗೆ ಆಗುತ್ತಿತ್ತು. ಕಾರಣ ಸರಳ: ಶೀಟ್ಸ್ ಫೈಲನ್ನು ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲಿ ಕೊಡುತ್ತದೆ, ಅಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಕಾಗುಣಿತ ಚಿಹ್ನೆಗೂ 3 ಬೈಟು. ಹಳೆಯ ಸಂಕೇತ ಪದ್ಧತಿಯಲ್ಲಿ ಓದಿದರೆ ಆ ಮೂರೂ ಬೇರೆ ಬೇರೆ ಅಕ್ಷರವಾಗಿ ಒಡೆಯುತ್ತವೆ. ಡಬಲ್ ಕ್ಲಿಕ್ ಬಿಟ್ಟು, ಡೇಟಾ ಮೆನುವಿನ ಪಠ್ಯ ಅಥವಾ ಸಿಎಸ್‌ವಿ ಆಮದಿನಿಂದ ಹೋಗಿ, ಫೈಲಿನ ಮೂಲ 65001 (ಅದೇ ಯುಟಿಎಫ್-8) ಎಂದು ಆರಿಸಿದರೆ ಕನ್ನಡ ಕನ್ನಡವಾಗಿಯೇ ಬರುತ್ತದೆ.

ಡಬಲ್ ಕ್ಲಿಕ್‌ಗೆ ಇನ್ನೂ ಎರಡು ಚಟಗಳಿವೆ. ಸೊನ್ನೆಯಿಂದ ಶುರುವಾಗುವ ನಂಬರಿನ ಸೊನ್ನೆ ತಿನ್ನುವುದು ಒಂದು, 15 ಅಂಕಿಗಿಂತ ಉದ್ದದ ನಂಬರಿನ ಬಾಲವನ್ನು ಸೊನ್ನೆ ಮಾಡುವುದು ಇನ್ನೊಂದು. ದಿನಾಂಕದಂತೆ ಕಂಡದ್ದನ್ನೆಲ್ಲ ದಿನಾಂಕ ಮಾಡುವ ಖಯಾಲಿಯಂತೂ ಜಗತ್ಪ್ರಸಿದ್ಧ. ಮಾರ್ಚ್1, ಸೆಪ್ಟ್1 ಎಂದಿದ್ದ ವಂಶವಾಹಿಗಳ ಹೆಸರು ಎಕ್ಸೆಲ್‌ನಲ್ಲಿ ತಾರೀಕಾಗಿಬಿಡುತ್ತಿತ್ತು. ಕೊನೆಗೆ 2020ರಲ್ಲಿ ನಾಮಕರಣ ಸಮಿತಿ ಸೋತು, ಅಂಥ ವಂಶವಾಹಿಗಳ ಹೆಸರನ್ನೇ ಬದಲಿಸಿದ್ದನ್ನು ಪ್ರಕಟಿಸಿತು. ಈ ತಾನೇತಾನಾದ ಬದಲಾವಣೆಯನ್ನು ಆರಿಸಿಡುವ ಆಯ್ಕೆ ಎಕ್ಸೆಲ್‌ಗೆ ಬಂದದ್ದು 2023ರಲ್ಲಿ.

ನನ್ನ ಮನಸ್ಸು ಗೆದ್ದದ್ದು ಲಿಬ್ರೆಆಫೀಸ್‌ನ ಒಂದು ಕಿರಿಕಿರಿ. ಸಿಎಸ್‌ವಿ ತೆರೆದಾಗಲೆಲ್ಲ ಅದು ಒಂದು ಪೆಟ್ಟಿಗೆ ಮುಂದಿಟ್ಟು ಕೇಳುತ್ತದೆ: ಅಕ್ಷರ ಸಂಕೇತ ಯಾವುದು, ಕಾಲಂ ಬೇರ್ಪಡಿಸುವುದು ಅಲ್ಪವಿರಾಮವೋ ಇನ್ನೊಂದೋ, ಯಾವ ಕಾಲಂ ಪಠ್ಯ, ಯಾವುದು ದಿನಾಂಕ, ದಿನ ಮೊದಲೋ ತಿಂಗಳು ಮೊದಲೋ. ಆತುರದಲ್ಲಿರುವವರಿಗೆ ತಲೆನೋವು. ನನಗೆ ಅಲ್ಲೇ ಕೆಳಗೆ ಮಾದರಿ ಸಾಲುಗಳು ಕಾಣುತ್ತವೆ, ಫೋನ್ ನಂಬರಿನ ಕಾಲಂ ಮೇಲೆ ಕ್ಲಿಕ್ ಮಾಡಿ ಪಠ್ಯ ಎಂದು ಹೇಳಿದರೆ ಸೊನ್ನೆಗಳು ಉಳಿಯುತ್ತವೆ.

ಆದರೆ ಆ ಪೆಟ್ಟಿಗೆಯೂ ಕಾಯಲಾರದ ಒಂದು ಸಂಗತಿ ಇದೆ. ಶೀಟ್ಸ್ ಸಿಎಸ್‌ವಿಗೆ ಬರೆಯುವುದು ಸೆಲ್‌ನೊಳಗಿನ ನಿಜವಾದ ಬೆಲೆಯನ್ನಲ್ಲ, ತೆರೆಯ ಮೇಲೆ ಕಾಣುವುದನ್ನು. ಒಳಗೆ 12.3456 ಇದ್ದು ಹೊರಗೆ 12.35 ಕಾಣುವಂತೆ ಇಟ್ಟಿದ್ದರೆ ನಿಮಗೆ ಸಿಗುವುದು 12.35 ಮಾತ್ರ. ಕರೆನ್ಸಿ ಚಿಹ್ನೆ ಇಟ್ಟಿದ್ದರೆ ಅದೂ ಅಂಟಿಕೊಂಡು ಬರುತ್ತದೆ. ಆದ್ದರಿಂದ ಡೌನ್‌ಲೋಡ್‌ಗೆ ಮುಂಚೆ ಮೊತ್ತದ ಕಾಲಂ ಸಾದಾ ಸಂಖ್ಯೆಯಾಗಿ, ಬೇಕಾದಷ್ಟು ದಶಾಂಶ ಕಾಣುವಂತೆ ಇರಬೇಕು. ದಿನಾಂಕ 2025-04-03 ರೀತಿ, ವರ್ಷ ಮೊದಲು ಇರಬೇಕು. ನಾನು ಇದಕ್ಕೆಂದೇ ಒಂದು ಟ್ಯಾಬ್ ಇಟ್ಟಿದ್ದೇನೆ. ತುಂಬುವವರು ತುಂಬುವ ಟ್ಯಾಬ್ ಬೇರೆ, ಇಳಿಸುವ ಟ್ಯಾಬ್ ಬೇರೆ. ಎರಡನೆಯದು ಮೊದಲನೆಯದನ್ನು ನಕಲು ಮಾಡುತ್ತದೆ ಅಷ್ಟೆ.

ದಿನಾಂಕದ ವಿಷಯದಲ್ಲಿ ಎಕ್ಸ್‌ಎಲ್‌ಎಸ್‌ಎಕ್ಸ್‌ಗೇ ಅಂಕ ಕೊಡಬೇಕು. ಅದರೊಳಗೆ ದಿನಾಂಕ ಒಂದು ಕ್ರಮಸಂಖ್ಯೆಯಾಗಿ ಹೋಗುತ್ತದೆ, 2025ರ ಜನವರಿ 1 ಅಂದರೆ 45658. ದಿನ, ತಿಂಗಳು ಅದಲುಬದಲಾಗುವ ಮಾತೇ ಇಲ್ಲ. ಹಳೆಯ ಎಕ್ಸ್‌ಎಲ್‌ಎಸ್ ಮಾತ್ರ ಯಾರೇ ಕಳಿಸಿದರೂ ವಾಪಸ್ ಕಳಿಸಿ: ಅದು 65,536 ಸಾಲಿಗೆ ಬಾಗಿಲು ಹಾಕುತ್ತದೆ. 2020ರಲ್ಲಿ ಇಂಗ್ಲೆಂಡಿನ ಕೋವಿಡ್ ಲೆಕ್ಕದಿಂದ ಸುಮಾರು 16,000 ಪ್ರಕರಣಗಳು ತಪ್ಪಿಹೋದದ್ದು ಈ ಹಳೆಯ ಫೈಲಿನ ಮಿತಿಯಿಂದಲೇ.

ಮೂರನೇ ದಾರಿಯನ್ನೂ ನೋಡಿದೆ: ಎಕ್ಸ್‌ಎಲ್‌ಎಸ್‌ಎಕ್ಸ್ ಫೈಲನ್ನೇ ಗೂಗಲ್ ಡ್ರೈವ್‌ಗೆ ಏರಿಸಿ, ಪರಿವರ್ತಿಸದೆ ಅಲ್ಲೇ ತಿದ್ದುವುದು. ಒಂದೇ ಫೈಲು, ನಕಲುಗಳ ಗೋಜಿಲ್ಲ. ಆದರೆ ಗೂಗಲ್ ಫಾರ್ಮ್‌ನ ಉತ್ತರಗಳು ನೇರ ಅಂಥ ಫೈಲಿಗೆ ಬಂದು ಬೀಳುವುದಿಲ್ಲ, ನನ್ನವರಲ್ಲಿ ಅರ್ಧ ಜನ ತುಂಬುವುದೇ ಫಾರ್ಮ್‌ನಲ್ಲಿ. ಅಲ್ಲಿಗೆ ಆ ಮಾತು ಮುಗಿಯಿತು. ಎಲ್ಲರೂ ಎಕ್ಸೆಲ್‌ನವರೇ ಆಗಿದ್ದು ವೆಬ್‌ನಲ್ಲೂ ಅದನ್ನೇ ಬಳಸಿದರೆ ಫಾರ್ಮುಲಾಗಳ ಭಾಷೆ ಒಂದೇ, ಈ ಲೇಖನವೇ ಬೇಡ. ನಾನು ಚಂದಾ ಕಟ್ಟುವವನಲ್ಲ.

ಲ್ಯಾಪ್‌ಟಾಪಿನಿಂದ ಮೇಲಕ್ಕೆ ಏರಿಸುವಾಗಲೂ ನನ್ನದು ಸಿಎಸ್‌ವಿಯೇ. ಶೀಟ್ಸ್‌ನ ಇಂಪೋರ್ಟ್ ಪೆಟ್ಟಿಗೆಯಲ್ಲಿ ಪಠ್ಯವನ್ನು ಸಂಖ್ಯೆ, ದಿನಾಂಕ, ಫಾರ್ಮುಲಾ ಆಗಿ ಬದಲಿಸುವ ಒಂದು ಟಿಕ್ ಇರುತ್ತದೆ. ಫೋನ್ ನಂಬರು, ಖಾತೆ ನಂಬರು ಇರುವ ಹಾಳೆಯಾದರೆ ಅದನ್ನು ತೆಗೆದು ಏರಿಸುತ್ತೇನೆ, ಮೊತ್ತದ ಕಾಲಂ ಒಂದನ್ನು ಆಮೇಲೆ ಸಂಖ್ಯೆ ಮಾಡಿಕೊಂಡರಾಯಿತು.

ನಿಮ್ಮದು ಹತ್ತಾರು ಟ್ಯಾಬು, ಚಾರ್ಟು, ಬಣ್ಣದ ನಿಯಮಗಳಿರುವ ಫೈಲಾದರೆ, ಬೇರೆಯವರಿಗೆ ನೋಡಲು ಮಾತ್ರ ಕೊಡುವುದಾದರೆ, ಎಕ್ಸ್‌ಎಲ್‌ಎಸ್‌ಎಕ್ಸ್ ತೆಗೆದುಕೊಳ್ಳಿ. ಅದರ ಮೇಲೆ ಮುಂದಿನ ಲೆಕ್ಕ ಹಾಕುವುದಿದ್ದರೆ ಮಾತ್ರ ಮೊದಲು ಡಮ್ಮಿಫಂಕ್ಷನ್ ಹುಡುಕಿ.