ಆಕ್ಸೊಲಾಟಲ್ ‘ಫುಲ್ ಸೆಟ್’ ತಗೊಳ್ಳುವ ಮುಂಚೆ ಒಮ್ಮೆ ಓದಿ

ಮಂಗಳೂರಿನಲ್ಲಿ ಯಾರಾದರೂ ನಿಮಗೆ ಆಕ್ಸೊಲಾಟಲ್ ಅನ್ನುವ ನೀರುಪ್ರಾಣಿಯ ಜೊತೆ ‘ಫುಲ್ ಸೆಟ್’ ಕೊಡುತ್ತೇನೆ ಅಂದರೆ ಪರ್ಸ್ ತೆಗೆಯಬೇಡಿ. ಮೈನ್‌ಕ್ರಾಫ್ಟ್ ವಿಡಿಯೋ ಗೇಮ್ ಆಡುವ ಮಕ್ಕಳಿರುವ ಮನೆಯವರಿಗಂತೂ ಇದನ್ನು ಒತ್ತಿ ಹೇಳಬೇಕು. 2021ರಲ್ಲಿ ಈ ಪ್ರಾಣಿ ಆ ಆಟದೊಳಗೆ ಬಂದದ್ದೇ ಬಂದದ್ದು, ಮಕ್ಕಳ ಹಠ ಶುರು. ನಮ್ಮಲ್ಲಿ ಹಠ ಹಿಡಿದದ್ದು ಅಕ್ಕನ ಮಗಳು. ಅಂಗಡಿಯವರು ಕೊಟ್ಟ ಸೆಟ್ಟಿನಲ್ಲಿ ಇದ್ದದ್ದು ಎರಡಡಿ ಟ್ಯಾಂಕ್, ನೀಲಿ ಬಣ್ಣದ ಸಣ್ಣ ಕಲ್ಲು, ನೀರು ದಬದಬ ಬೀಳಿಸುವ ಫಿಲ್ಟರ್, ಕಣ್ಣು ಕುಕ್ಕುವ ಎಲ್‌ಇಡಿ ಲೈಟ್, ಎರಡು ಆಕ್ಸೊಲಾಟಲ್. ಜೊತೆಗಿರಲಿ ಅಂತ ಗೋಲ್ಡ್‌ಫಿಶ್ ಫ್ರೀ. ಆ ಪ್ರಾಣಿಗೆ ಹೊಂದುವ ಸಾಮಾನು ಅದರಲ್ಲಿ ಒಂದೂ ಇರಲಿಲ್ಲ ಮಾರಾಯ್ರೆ.

ಎಲ್ಲಕ್ಕಿಂತ ದೊಡ್ಡ ಸಮಸ್ಯೆ ಸೆಖೆ. ಇದು ಮೀನಲ್ಲ, ಮೆಕ್ಸಿಕೊ ಸಿಟಿಯ ಸೊಚಿಮಿಲ್ಕೊ ಕಾಲುವೆಗಳ ಸಲಮಾಂಡರ್, ಅಂದರೆ ಕಪ್ಪೆಯ ಬಳಗದ ಬಾಲವಿರುವ ಪ್ರಾಣಿ. ಆ ಊರು ಸಮುದ್ರಮಟ್ಟದಿಂದ 2,200 ಮೀಟರಿಗೂ ಮೇಲಿದೆ. ನೀರು 16ರಿಂದ 18 ಡಿಗ್ರಿ ಇದ್ದರೆ ಅದಕ್ಕೆ ಸುಖ, 24 ದಾಟಿದರೆ ನರಳಾಟ. ನಮ್ಮ ಮನೆಯ ಹಾಲ್‌ನಲ್ಲಿ ಏಪ್ರಿಲ್ ತಿಂಗಳ ರಾತ್ರಿ ಹತ್ತು ಗಂಟೆಗೂ ಟ್ಯಾಂಕಿನ ಥರ್ಮಾಮೀಟರ್ 30 ತೋರಿಸುತ್ತಿತ್ತು. ಅಂಗಡಿಯಲ್ಲಿ ಚೆನ್ನಾಗಿಯೇ ಇತ್ತಲ್ಲ ಅಂತ ಕೇಳಬಹುದು. ಅಲ್ಲಿ ಇಡೀ ದಿನ ಏಸಿ ಓಡುತ್ತಿತ್ತು, ಆ ಮಾತನ್ನು ಮಾತ್ರ ಅವರು ಎತ್ತಲಿಲ್ಲ. ಫೋನ್ ಮಾಡಿದರೆ, “ಎಂತ ಆಗುದಿಲ್ಲ ಅಕ್ಕ, ಒಂದು ಫ್ಯಾನ್ ಇಡಿ, ಮತ್ತೆ ಐಸ್ ಬಾಟ್ಲಿ ಹಾಕಿ ಸಾಕು” ಅಂತ ಸಮಾಧಾನ.

ಫ್ಯಾನ್ ಉಪಾಯ ಬೆಂಗಳೂರಿನವರ ವಿಡಿಯೋಗಳಲ್ಲೂ ಉಂಟು. ಅಲ್ಲಿ ಅದು ತಕ್ಕಮಟ್ಟಿಗೆ ನಡೆಯುತ್ತದೆ, ಯಾಕೆಂದರೆ ಒಣಗಾಳಿಗೆ ನೀರು ಬೇಗ ಆವಿಯಾಗಿ ತಣಿಯುತ್ತದೆ. ನಮ್ಮಲ್ಲಿ ಒಗೆದ ಬಟ್ಟೆಯೇ ಒಣಗುವುದಿಲ್ಲ, ಇನ್ನು ಟ್ಯಾಂಕ್ ತಣಿಯುವುದೆಲ್ಲಿ! ಒಂದು ಡಿಗ್ರಿ ಇಳಿದರೆ ಹೆಚ್ಚು. ಐಸ್ ಬಾಟ್ಲಿ ಹಾಕಿದರೆ ನೀರು ಸರ್ರನೆ ತಣ್ಣಗಾಗಿ, ಐಸ್ ಕರಗಿದ ಮೇಲೆ ಮತ್ತೆ ಮೊದಲಿನ ಹಾಗೆಯೇ. ದಿನಕ್ಕೆ ಹತ್ತು ಸಲದ ಈ ಏರಿಳಿತವೂ ಪ್ರಾಣಿಗೆ ಹಿಂಸೆ. ಕರಾವಳಿಯಲ್ಲಿ ಇದಕ್ಕೆ ಇರುವ ದಾರಿ ಚಿಲ್ಲರ್ ಅನ್ನುವ ನೀರು ತಣಿಸುವ ಯಂತ್ರ, ಇಲ್ಲವಾದರೆ ಹಗಲು ರಾತ್ರಿ ಏಸಿ ಇರುವ ಕೋಣೆ. ಚಿಲ್ಲರಿಗೆ ಪ್ರಾಣಿಯ ಬೆಲೆಯ ಎಷ್ಟೋ ಪಟ್ಟು ಖರ್ಚು. ಅದು ನೀರಿನ ಬಿಸಿಯನ್ನು ಕೋಣೆಗೇ ಉಗುಳುತ್ತದೆ, ಹಾಗಾಗಿ ಕಿಟಕಿ ಮುಚ್ಚಿದ ಸಣ್ಣ ಕೋಣೆಯಲ್ಲಿ ಇಡುವ ಹಾಗಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದಾಗ ಇನ್ವರ್ಟರ್ ಎಷ್ಟು ಹೊತ್ತು ಎಳೆಯುತ್ತದೆ ಅನ್ನುವ ಲೆಕ್ಕವೂ ಮೊದಲೇ ಆಗಬೇಕು.

ಇನ್ನು ಆ ನೀಲಿ ಕಲ್ಲು. ಆಕ್ಸೊಲಾಟಲ್ ಕಚ್ಚಿ ತಿನ್ನುವುದಿಲ್ಲ, ಬಾಯಿ ತೆರೆದು ಒಮ್ಮೆಲೇ ನೀರಿನ ಸಮೇತ ಎಳೆದುಕೊಳ್ಳುತ್ತದೆ. ಎರೆಹುಳದ ಜೊತೆಗೆ ಕಲ್ಲೂ ಒಳಗೆ ಹೋಗುತ್ತದೆ. ದೊಡ್ಡದು ಊಟ ಬಿಟ್ಟಿತು, ಬಾಲದ ತುದಿ ಕೊಕ್ಕೆಯ ಹಾಗೆ ಸುರುಳಿಗೊಂಡಿತು, ಹೊಟ್ಟೆ ಉಬ್ಬಿ ಒಂದು ಬದಿಗೆ ವಾಲಿ ತೇಲತೊಡಗಿತು. ಒಂದು ಸಂಜೆ ಬಾಯಿಯಿಂದ ನೀಲಿ ಕಲ್ಲೊಂದು ಹೊರಗೆ ಬಿತ್ತು, ಕಡಲೆ ಕಾಳಿನಷ್ಟು ದೊಡ್ಡದು. ಉಳಿದವು ಹೊರಗೆ ಬರಲಿಲ್ಲ. ನಾಯಿ, ದನ ನೋಡುವ ಡಾಕ್ಟರು ಪಾಪ ಎಕ್ಸ್‌ರೇ ತೆಗೆದು ತೋರಿಸಿದರು, ಅಷ್ಟರಲ್ಲಿ ಅದು ಕೈಮೀರಿತ್ತು. ತಳಕ್ಕೆ ಏನೂ ಹಾಕದೆ ಬಿಡಬಹುದು, ಹಾಕುವುದೇ ಆದರೆ ನುಣ್ಣಗಿನ ಮರಳು, ಅದೂ ದೊಡ್ಡ ಪ್ರಾಣಿಗೆ ಮಾತ್ರ. ಫ್ರೀ ಕೊಟ್ಟ ಗೋಲ್ಡ್‌ಫಿಶ್‌ಗಳು ಇನ್ನೊಂದರ ತಲೆಯ ಪಕ್ಕ ಹೊರಗೇ ಇರುವ ಕಿವಿರಿನ ಗರಿಗಳನ್ನು ಕಚ್ಚಿ ಕಚ್ಚಿ ಮೊಂಡು ಮಾಡಿದವು.

“ಬೆಳಿಗ್ಗೆ ನೀರು ತುಂಬಿಸಿ, ಸಂಜೆ ಪ್ರಾಣಿ ಬಿಡಿ” ಅಂದಿದ್ದರು ಅಂಗಡಿಯವರು. ಹೊಸ ಟ್ಯಾಂಕಿನಲ್ಲಿ ಅದರ ಹೇಲು, ಮೂತ್ರದಿಂದ ಅಮೋನಿಯಾ ಸೇರುತ್ತಾ ಹೋಗುತ್ತದೆ. ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಫಿಲ್ಟರಿನ ಸ್ಪಂಜಿನಲ್ಲಿ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಪ್ರಾಣಿ ಬರುವುದು ಆಮೇಲೆ. ನಾವು ಟೆಸ್ಟ್ ಕಿಟ್ ತರಿಸಿ ನೋಡಿದಾಗ ಅಮೋನಿಯಾ ಇಲ್ಲದಿದ್ದರೆ ಹಳದಿ ಇರಬೇಕಾದ ಟೆಸ್ಟಿನ ನೀರು ಕಡುಹಸಿರಾಗಿತ್ತು. ಫಿಲ್ಟರ್ ಮೆಲ್ಲಗೆ ನೀರು ಆಡಿಸುವಂಥದ್ದಾದರೆ ಸಾಕು, ಸ್ಪಂಜ್ ಫಿಲ್ಟರ್ ಒಳ್ಳೆಯದು. ಟ್ಯಾಂಕ್ ಎತ್ತರಕ್ಕಿಂತ ಉದ್ದ ಇರಲಿ, ನುಗ್ಗಿ ಅಡಗಲು ಕೊಳವೆಯೋ ಮಡಕೆಯೋ ಇರಲಿ.

ಬಾವಿ ನೀರು ಅಂದರೆ ನಮಗೆಲ್ಲ ಅಮೃತವೇ. ಆದರೆ ಮುರಕಲ್ಲಿನ ನೆಲದ ಬಾವಿ ನೀರು ಸಾಮಾನ್ಯವಾಗಿ ಮೆದು, ಸ್ವಲ್ಪ ಆಮ್ಲೀಯ. ಆಕ್ಸೊಲಾಟಲ್‌ಗೆ ಪಿಎಚ್ 7ರ ಮೇಲಿನ, ತುಸು ಗಡಸು ನೀರು ಬೇಕು. ಪರೀಕ್ಷೆ ಮಾಡಿಸಿ, ಖನಿಜ ಲವಣ ಸೇರಿಸಬೇಕಾಗುತ್ತದೆ. ನಳ್ಳಿ ನೀರಾದರೆ ಕ್ಲೋರಿನ್ ತೆಗೆಯದೆ ಹಾಕಬೇಡಿ.

ಬದುಕಿ ಉಳಿದದ್ದು ಈಗ ಅಕ್ಕನ ಕೋಣೆಯಲ್ಲಿ, ಚಿಲ್ಲರ್ ಇಟ್ಟ ಟ್ಯಾಂಕಿನಲ್ಲಿದೆ, ಗರಿಗಳು ಪುನಃ ಚಿಗುರುತ್ತಿವೆ. ಸಾಕಲಾಗದಿದ್ದರೆ ಕೆರೆಗೆ ಬಿಡಿ ಅಂತ ಒಬ್ಬರು ಹೇಳಿದರು. ದಯವಿಟ್ಟು ಆ ಕೆಲಸ ಮಾತ್ರ ಮಾಡಬೇಡಿ. ಅದೂ ಸಾಯುತ್ತದೆ, ಅದರ ರೋಗ ನಮ್ಮ ಕಪ್ಪೆಗಳಿಗೂ ತಗಲಬಹುದು.

ಕಾಗದಪತ್ರದ ರಗಳೆ ಇನ್ನೂ ಮುಗಿದಿಲ್ಲ. ಆಕ್ಸೊಲಾಟಲ್, ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿರುವ ಪ್ರಾಣಿ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆದ ಮೇಲೆ ಇಂಥವನ್ನು ಸಾಕುವವರು ನೋಂದಣಿ ಮಾಡಿಸಬೇಕು, 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ. ನಮ್ಮ ಬಿಲ್ಲಿನಲ್ಲಿ ಬರೆದಿರುವುದು ‘ಫ್ಯಾನ್ಸಿ ಫಿಶ್, 2’. ಸರಿಯಾದ ಬಿಲ್ ಕೇಳಿದರೆ “ನಾಳೆ ಬನ್ನಿ” ಅನ್ನುತ್ತಲೇ ಇದ್ದಾರೆ. ತಗೊಳ್ಳುವುದೇ ಆದರೆ ದುಡ್ಡು ಕೊಡುವ ಮೊದಲೇ ಪ್ರಾಣಿಯ ಹೆಸರು ಹಾಕಿಸಿ ಬಿಲ್ ಮಾಡಿಸಿಕೊಳ್ಳಿ.