ಹೊಳೆದಂಡೆಗೆ ನಾರಿನ ಭೂವಸ್ತ್ರ: ಹರಿಹರದ ಮಣ್ಣಿಗೆ ಎಷ್ಟು ಒಗ್ಗುತ್ತದೆ?

ಹೊಳೆದಂಡೆ ಅಭಿವೃದ್ಧಿ ಅಂದರೆ ಕಾಂಕ್ರೀಟ್ ಗೋಡೆ, ಅದರ ಮೇಲೆ ಪೇವರ್, ಅಂಚಿಗೆ ಸ್ಟೀಲ್ ಕಂಬಿ ಅನ್ನುವುದು ರೂಢಿಯಾಗಿಬಿಟ್ಟಿದೆ. ತುಂಗಭದ್ರೆಯ ದಂಡೆಯ ಹರಿಹರದಲ್ಲಿ ತುಂಗಾರತಿಗೆಂದು, ಅಂದರೆ ಹೊಳೆಗೆ ಆರತಿ ಎತ್ತಲೆಂದು, 108 ಮಂಟಪಗಳ ಯೋಜನೆಗೆ 2022ರಲ್ಲಿ ಅಡಿಗಲ್ಲು ಬಿದ್ದಿದೆ. ಇಂಥ ಊರಿನಲ್ಲಿ ಮಂಟಪದಷ್ಟೇ ಮುಖ್ಯವಾದದ್ದು ಮಂಟಪಗಳ ಆಚೀಚೆ ಉಳಿಯುವ ಮಣ್ಣಿನ ದಂಡೆ. ಅದನ್ನು ಹಿಡಿದಿಡಲು ಸಿಗುವ ಸಾಮಾನುಗಳಲ್ಲಿ ತೆಂಗಿನ ನಾರಿನಿಂದ ನೇಯ್ದ ಬಲೆ, ಅಂದರೆ ಕಾಯರ್ ಭೂವಸ್ತ್ರ, ನಮ್ಮ ಮೆಚ್ಚಿನದು. ಆದರೆ ಎಲ್ಲ ಕಡೆಗೂ ಅಲ್ಲ, ಹಾಸಿದ ಹಾಗೆಲ್ಲ ಹಿಡಿಯುವುದೂ ಇಲ್ಲ.

ಐಎಸ್ 15869 ಎಂಬ ಭಾರತೀಯ ಮಾನಕದ ಪ್ರಕಾರ ಇದು ಚದರ ಮೀಟರಿಗೆ 400, 700, 900 ಗ್ರಾಂ ತೂಕದಲ್ಲಿ ಬರುತ್ತದೆ. ತೂಕ ಏರಿದಂತೆ ಕಣ್ಣು ಕಿರಿದಾಗುತ್ತದೆ. 400 ಗ್ರಾಮಿನದು ರಸ್ತೆ ಬದಿಯ ಇಳಿಜಾರಿಗೆ ಸಾಕು, ಹೊಳೆಗೆ ಸಾಲದು. 900 ಗ್ರಾಮಿನದು ಗಟ್ಟಿ, ಆದರೆ ಕಣ್ಣು ಇಕ್ಕಟ್ಟಾಗಿ ಸಸಿ ನೆಡುವಾಗ ಹಗ್ಗ ಕತ್ತರಿಸಬೇಕಾಗುತ್ತದೆ, ಕತ್ತರಿಸಿದ ಕಡೆಯೇ ಬಲೆ ಬಿಚ್ಚಿಕೊಳ್ಳುತ್ತದೆ. ತುಂಗಭದ್ರೆಯ ನೇರ ಹರಿವಿನ ದಂಡೆಗೆ 700 ಗ್ರಾಂ ಸರಿ. ನಾರಿನಲ್ಲಿ ಲಿಗ್ನಿನ್ ಎಂಬ ಗಟ್ಟಿ ಅಂಶ ಹೆಚ್ಚು, ಆದ್ದರಿಂದ ಸೆಣಬಿಗಿಂತ ನಿಧಾನವಾಗಿ ಕೊಳೆಯುತ್ತದೆ. ಎರಡು ಮೂರು ಮಳೆಗಾಲ ಬಾಳುತ್ತದೆ. ಅಷ್ಟರಲ್ಲಿ ಬೇರು ಇಳಿದಿರಬೇಕು. ಬಲೆ ಇರುವುದು ಬೇರಿಗೆ ಆ ಕಾಲಾವಕಾಶ ಕೊಡುವುದಕ್ಕೆ. ಬಲೆ ಹಾಸಿ ಗಿಡ ನೆಡದೆ ಬಿಲ್ ಮಾಡಿದ ಕೆಲಸಕ್ಕೆ ಮೂರನೇ ವರ್ಷ ಏನೂ ಉಳಿಯುವುದಿಲ್ಲ.

ಕೊಳ್ಳುವಾಗ ಒಂದು ಎಳೆ ಕಿತ್ತು ಬೆಂಕಿಕಡ್ಡಿ ತಾಗಿಸಿ. ನಾರು ಉರಿದು ಬೂದಿಯಾಗುತ್ತದೆ, ಪ್ಲಾಸ್ಟಿಕ್ ಕರಗಿ ಉಂಡೆಕಟ್ಟುತ್ತದೆ. ನಾರನ್ನು ಪ್ಲಾಸ್ಟಿಕ್ ಜಾಲಕ್ಕೆ ಹೊಲಿದು ಮಾರುವ ಹಾಸೂ ಇದೆ, ಅದನ್ನು ಮುಟ್ಟಬೇಡಿ. ನಾರು ಹೋದಮೇಲೂ ಜಾಲ ಉಳಿದು ಹಾವು, ಹಕ್ಕಿಗಳ ಕೊರಳಿಗೆ ಸುತ್ತಿಕೊಳ್ಳುತ್ತದೆ.

ಇನ್ನು ಲೆಕ್ಕ. 100 ಮೀಟರ್ ದಂಡೆ, ಇಳಿಜಾರಿನ ಉದ್ದ 6 ಮೀಟರ್ ಅಂದುಕೊಳ್ಳೋಣ. ಮೇಲ್ಗಡೆ ತೋಡುವ ಕಾಲುವೆಯಲ್ಲಿ ಮಡಚಲು ಮತ್ತು ಕೆಳಗೆ ಕಲ್ಲಿನಡಿ ಸಿಕ್ಕಿಸಲು ಒಂದೂವರೆ ಮೀಟರ್ ಸೇರಿಸಿದರೆ ಪಟ್ಟಿ 7.5 ಮೀಟರ್. 2 ಮೀಟರ್ ಅಗಲದ ಸುರುಳಿಯಲ್ಲಿ 15 ಸೆಂ.ಮೀ. ಒಂದರ ಮೇಲೊಂದು ಬಂದರೆ ಲೆಕ್ಕಕ್ಕೆ 54 ಪಟ್ಟಿ, ಹೆಚ್ಚುವರಿ ಒಂದು ಸೇರಿ 55 ಬೇಕು. 50 ಮೀಟರಿನ ಒಂದು ಸುರುಳಿಗೆ ಆರು ಪಟ್ಟಿಯಂತೆ ಹತ್ತು ಸುರುಳಿ. ಚದರ ಅಡಿ ಲೆಕ್ಕ ಹಾಕಿ ಎಂಟು ತರಿಸಿದರೆ ಕೊನೆಯ ಹತ್ತಿಪ್ಪತ್ತು ಮೀಟರ್ ಬರಿದಾಗಿ ಉಳಿಯುತ್ತದೆ, ಮಳೆಗಾಲದಲ್ಲಿ ಕೊರೆತ ಶುರುವಾಗುವುದೂ ಅಲ್ಲಿಂದಲೇ.

ಇಳಿಜಾರು ಒಂದು ಪಾಲು ಎತ್ತರಕ್ಕೆ ಎರಡು ಪಾಲು ಅಡ್ಡ ಇರಲಿ. ಹೆಂಟೆ, ಕಲ್ಲು, ಜಾಲಿ ಬೊಡ್ಡೆ ತೆಗೆದು ಸಮ ಮಾಡಿ. ಹುಲ್ಲಿನ ಬೀಜ ಚೆಲ್ಲಿ ಆಮೇಲೆ ಹಾಸಬೇಕು. ಮೇಲಂಚಿನಲ್ಲಿ 30 ಸೆಂ.ಮೀ. ಆಳ, ಅಷ್ಟೇ ಅಗಲದ ಕಾಲುವೆ ತೋಡಿ, ತುದಿ ಇಳಿಬಿಟ್ಟು, ಮೊಳೆ ಹೊಡೆದು ಮಣ್ಣು ದಮ್ಮಸು ಮಾಡಿ. ಹೊಳೆ ಬರುವ ದಿಕ್ಕಿನ ಪಟ್ಟಿಯ ಅಂಚು ಯಾವಾಗಲೂ ಮೇಲಿರಬೇಕು, ಮನೆಯ ಹೆಂಚು ಹೊದೆಸಿದ ಹಾಗೆ. ತಿರುವುಮುರುವಾದರೆ ಮೊದಲ ಪ್ರವಾಹವೇ ಬಲೆಯೊಳಗೆ ಕೈಹಾಕಿ ಎಬ್ಬಿಸುತ್ತದೆ. ಬಲೆಯನ್ನು ಬಿಗಿಯಾಗಿ ಎಳೆಯಲೂಬಾರದು. ತಗ್ಗಿನ ಮೇಲೆ ಡೇರೆಯಂತೆ ನಿಂತರೆ ನೀರು ಅದರಡಿಯಲ್ಲೇ ಹರಿದು ಮಣ್ಣು ಒಯ್ಯುತ್ತದೆ. ಕೆಲಸ ಸೋಲುವುದಕ್ಕೆ ಇದೂ ಒಂದು ಕಾರಣ.

ನಮ್ಮ ಎರೆಮಣ್ಣಿಗೆ ಇನ್ನೊಂದು ಎಚ್ಚರ. 6 ಮಿ.ಮೀ. ಕಬ್ಬಿಣದ 30 ಸೆಂ.ಮೀ. ಕೊಕ್ಕೆಮೊಳೆ ಕೆಮ್ಮಣ್ಣಿನಲ್ಲಿ ಭದ್ರವಾಗಿ ನಿಲ್ಲುತ್ತದೆ. ಎರೆ ಏಪ್ರಿಲ್‌ನಲ್ಲಿ ಬಿರುಕು ಬಿಟ್ಟಾಗ ಅದೇ ಮೊಳೆ ಬೆರಳಿಗೆ ಬರುತ್ತದೆ. ಇಲ್ಲಿ ಎರಡಡಿ ಉದ್ದದ ಬಿದಿರು ಗೂಟ ಬೇಕು, ಜೋಡಣೆಯ ಅಂಚಿನಲ್ಲಿ ಅರ್ಧ ಮೀಟರಿಗೊಂದು, ಉಳಿದ ಕಡೆ ಮೀಟರಿಗೊಂದು.

ಗಿಡಗಳಲ್ಲಿ ಲಾವಂಚಕ್ಕೆ ಸಾಟಿಯಿಲ್ಲ. ಬೇರು 3 ಮೀಟರ್ ಇಳಿಯುತ್ತದೆ, ದಕ್ಷಿಣದ ತಳಿ ಬೀಜದಿಂದ ಹಬ್ಬುವುದಿಲ್ಲ. 15 ಸೆಂ.ಮೀ.ಗೊಂದು ಬುಡದಂತೆ ಐದು ಸಾಲಿಗೆ ಸುಮಾರು 3,350 ಬುಡ, ಸತ್ತದ್ದಕ್ಕೆ ಬದಲಿ ಸೇರಿ 3,700 ತರಿಸಿ. ನೆರಳಿನಲ್ಲಿ ಲಾವಂಚ ಸೊರಗುತ್ತದೆ, ಹೊಂಗೆ ಅಥವಾ ಹೊಳೆಮತ್ತಿಯ ಅಡಿ ನೆಡಬೇಡಿ. ಆ ಮರಗಳ ಬೇರೇ ಅಲ್ಲಿನ ದಂಡೆಯನ್ನು ಹಿಡಿದಿದೆ. ಎಮ್ಮೆ, ಆಡುಗಳನ್ನು ಮೂರ್ನಾಲ್ಕು ತಿಂಗಳು ತಡೆಯಲೇಬೇಕು. ಬರಿ ಬೇಲಿ ಹಾಕಿದರೆ ಮುರಿಯುತ್ತಾರೆ, ದನ ನೀರಿಗಿಳಿಯಲು ಒಂದು ದಾರಿ ಬಿಟ್ಟರೆ ಬೇಲಿ ಉಳಿಯುತ್ತದೆ.

ಬಲೆ ಎಲ್ಲಿ ಬೇಡ? ಹೊಳೆ ತಿರುಗಿ ಬಂದು ಬಡಿಯುವ ಹೊರಮೈಯಲ್ಲಿ ಬೇಡ. ಅಲ್ಲಿ ದಂಡೆಯ ಬುಡಕ್ಕೆ ಗೇಬಿಯನ್, ಅಂದರೆ ಕಲ್ಲು ತುಂಬಿದ ತಂತಿಪೆಟ್ಟಿಗೆ ಬೇಕು. ಕಲ್ಲು ತಂತಿಜಾಲದ ಕಣ್ಣಿಗಿಂತ ದೊಡ್ಡದಿರಲಿ, ಹಿಂದೆ ಸೋಸುಬಟ್ಟೆ ಇರಲಿ. ಅದಿಲ್ಲದಿದ್ದರೆ ಕಲ್ಲಿನ ಸಂದಿನಿಂದ ಮಣ್ಣು ಸೋರಿ, ಪೆಟ್ಟಿಗೆ ನೆಟ್ಟಗೆ ನಿಂತಿದ್ದರೂ ಹಿಂದಿನ ಕಾಲುದಾರಿ ಕುಸಿಯುತ್ತದೆ. ದಂಡೆ ಹೆಚ್ಚಾಗಿ ಕುಸಿಯುವುದು ನೆರೆ ಏರುವಾಗಲ್ಲ, ಇಳಿಯುವಾಗ: ನೆನೆದ ಮಣ್ಣಿಗೆ ಆನಿಕೆಯಾಗಿದ್ದ ನೀರು ಸರಿದುಬಿಡುತ್ತದೆ. ನೀರು ಹೊರಬರಲು ತೂಬುಗಳಿಲ್ಲದ ಕಾಂಕ್ರೀಟ್ ಗೋಡೆ ವಾಲುವುದೂ ಆಗಲೇ.

ಪೇವರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೆರೆ ಮುಟ್ಟುವ ಮಟ್ಟದಲ್ಲಿ ಅದರಡಿಯ ಮರಳು ತೊಳೆದುಹೋಗುತ್ತದೆ. ಮೇಲ್ದಂಡೆಯಲ್ಲಿ ಮಾತ್ರ ಇರಲಿ.

ಜನಕ್ಕೆ ನೀರು ಮುಟ್ಟುವ ದಾರಿ ಬೇಕು, ಇದನ್ನು ಒತ್ತಿ ಹೇಳುತ್ತೇವೆ. 1224ರ ಹರಿಹರೇಶ್ವರ ದೇವಾಲಯವಿರುವ ಊರಲ್ಲಿ ಹೊಳೆಗೆ ಇಳಿಯದಂತೆ ಕಂಬಿ ಹಾಕುವುದು ತಪ್ಪು. ಮೆಟ್ಟಿಲು ಕಲ್ಲಿನದೇ ಇರಲಿ, 15 ಸೆಂ.ಮೀ. ಎತ್ತರ, 30 ಸೆಂ.ಮೀ. ಅಗಲ. ಗಾಲಿಕುರ್ಚಿಗೆ 1:12 ಇಳಿಜಾರು ಬೇಕು. 3 ಮೀಟರ್ ಇಳಿಯಲು 36 ಮೀಟರ್ ದಾರಿ, ಪ್ರತಿ 9 ಮೀಟರಿಗೆ ನಿಲ್ಲುವ ಜಾಗ ಸೇರಿ ಸುಮಾರು 40. ನಕ್ಷೆಯಲ್ಲಿ ಮೊದಲೇ ಈ ಜಾಗ ತೆಗೆದಿಡದಿದ್ದರೆ ಆಮೇಲೆ ಸಿಗುವುದಿಲ್ಲ. ಮೆಟ್ಟಿಲು, ಇಳಿದಾರಿ ಒಂದೆರಡು ಕಡೆ ಒಟ್ಟಾಗಿರಲಿ, ಉಳಿದ ಉದ್ದಕ್ಕೆ ಬಲೆ ಮತ್ತು ಲಾವಂಚ.

ಕಡಿದಾದ ಬೋಳು ಮಣ್ಣಿನ ಗೋಡೆ ಸಿಕ್ಕರೆ ಅದನ್ನು ಹಾಗೆಯೇ ಬಿಡಿ. ಮಿಂಚುಳ್ಳಿ, ಕಳ್ಳಿಪೀರ ಬಿಲ ತೋಡುವುದು ಅಂಥಲ್ಲೇ. ಕಳ್ಳಿಪೀರಗಳ ಗೂಡಿನ ಕಾಲ ಫೆಬ್ರುವರಿಯಿಂದ ಮೇವರೆಗೆ. ಕೆಳಗಡೆ ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿ.ಮೀ. ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದ್ದಾರೆ. ಹರಿಯುವುದು ಅದೇ ತುಂಗಭದ್ರೆ. ಜೊಂಡು, ಬಂಡೆ ಸಂದು, ಮಣ್ಣಿನ ಪೊಟರೆ ಇಲ್ಲದ ನುಣುಪು ಗೋಡೆಯಲ್ಲಿ ನೀರುನಾಯಿಗೆ ಮರಿ ಹಾಕಲು ಜಾಗವೇ ಇರುವುದಿಲ್ಲ. ಆದ್ದರಿಂದ ಬುಡದ ಕಲ್ಲಿನ ಕೆಲಸ ಡಿಸೆಂಬರ್, ಜನವರಿಯಲ್ಲಿ ಮುಗಿಯಲಿ, ಬಲೆ ಮೇ ಕೊನೆಗೆ, ಲಾವಂಚ ಜೂನ್ ಮಳೆ ಹಿಡಿದ ಮೇಲೆ. ಟೆಂಡರ್ ಅವಧಿ ಮಾರ್ಚ್‌ಗೆ ಮುಗಿಯುವಂತೆ ಬರೆದರೆ ಈ ಕ್ರಮ ಕೆಡುತ್ತದೆ; ನೆಡುವುದಕ್ಕೂ ಎರಡು ಮಳೆಗಾಲದ ಆರೈಕೆಗೂ ಬೇರೆ ಬಾಬು ಇಟ್ಟು ಬರೆಯಿಸಿ.